ಬಿಟ್ಟುಹೋದ ಇಪ್ಪತ್ತೇಳು ಹೆಸರುಗಳು

2022ರಲ್ಲಿ ನಾನು ಬೀದಿಬದಿ ವ್ಯಾಪಾರಿಗಳ ಸಂಘವೊಂದರ ಸಂಚಾಲಕನಾಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ನನ್ನ ಪಾಲಿನವು. ಮನೆ ಕೂಡ್ಲಿಗಿಯಲ್ಲಿ, ಓಡಾಟವೆಲ್ಲ ಬಸ್ಸಿನಲ್ಲಿ. ಇಪ್ಪತ್ತಾರನೇ ವಯಸ್ಸಿಗೆ ಚಳವಳಿಗೆ ಬಂದವನು, ಆಗ ನನಗೆ ಐವತ್ತೇಳು. ಅರ್ಜಿ ಬರೆಯುವುದರಲ್ಲಿ, ಧರಣಿಯಲ್ಲಿ ಮೈಕ್ ಹಿಡಿದು ಮಾತಾಡುವುದರಲ್ಲಿ ಈ ಭಾಗದಲ್ಲಿ ನನಗೆ ಸರಿಸಾಟಿ ಇಲ್ಲವೆಂದು ಜನ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ನಾನು ಹೇಳಲಿರುವ ಪ್ರಕರಣ ಈ ಐದರಲ್ಲಿ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಊರಿನ ಹೆಸರು ಬೇಡ. ಅಲ್ಲಿ ತಪ್ಪು ಮಾಡಿದವರಲ್ಲಿ ಮೊದಲನೆಯವನು ನಾನು, ಉಳಿದವರನ್ನು ಎಳೆದು ತರುವ ಆಸೆ ನನಗಿಲ್ಲ.

ಓದುಗರಿಗೆ ಕಾನೂನಿನ ಮಾತು ಸ್ವಲ್ಪ ಹೇಳಬೇಕು. ಬೀದಿಬದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಮೊದಲು ಊರಿನ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಟೌನ್ ವೆಂಡಿಂಗ್ ಕಮಿಟಿ ಎಂಬ ಸಮಿತಿ ಇರುತ್ತದೆ, ಅದರಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿಗೂ ಜಾಗ ಉಂಟು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದ್ದರೆ ರಸ್ತೆಯಲ್ಲಿ ಕೂರುವ ಹಕ್ಕಿದೆ. ಹೆಸರಿಲ್ಲದಿದ್ದರೆ ಪೊಲೀಸಿನವನು ಬೂಟಿನ ತುದಿಯಿಂದ ಬುಟ್ಟಿ ಸರಿಸಿದರೂ ಕೇಳುವವರಿಲ್ಲ.

ಆ ಊರಿನಲ್ಲಿ ನಮ್ಮ ಮೊದಲ ಸಭೆ ನಡೆದದ್ದು ಗ್ರಂಥಾಲಯದ ಜಗಲಿಯ ಮೇಲೆ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಕಾಯ್ದೆ, ಸಂವಿಧಾನ, ದುಡಿಯುವವರ ಘನತೆ, ಏನೂ ಬಿಡಲಿಲ್ಲ. ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೈ ಎತ್ತಿದಳು. ಹೆಸರು ಹುಸೇನಬಿ, ನಲವತ್ತರ ಆಸುಪಾಸು. ಗಂಡ ಇಮಾಮಸಾಬ ತಗಡಿನ ಕೆಲಸದವನು, ಜರಡಿ ಕಟ್ಟುವುದು, ಬಕೆಟ್ಟಿಗೆ ತಳ ಹಾಕುವುದು ಅವನ ಕಸುಬು. ಅವನು ಮಾಡಿದ ಸಾಮಾನನ್ನು ಈಕೆ ಬಸ್ ನಿಲ್ದಾಣದ ರಸ್ತೆಯಲ್ಲಿ ಮಾರುತ್ತಿದ್ದಳು.

"ಅಣ್ಣಾರ, ಗಾಡಿ ಇದ್ದೋರಿಗೆ ಕಾರ್ಡು ಸಿಗತೈತಿ ಅಂದ್ರಿ. ನೆಲದ ಮ್ಯಾಲ ಗೋಣಿಚೀಲ ಹಾಸಿ ಕುಂತೋರಿಗೆ?" ಎಂದು ಕೇಳಿದಳು.

ಜಗಲಿಯ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಸಿಗುತ್ತದೆ, ಅವರೂ ವ್ಯಾಪಾರಿಗಳೇ ಎಂದು ನಾನು ಉತ್ತರ ಕೊಟ್ಟೆ. ಆದರೆ ಅವತ್ತು ಜನ ಮನೆಗೆ ಹೋಗುವಾಗ ಮಾತಾಡಿಕೊಂಡದ್ದು ನನ್ನ ಮುಕ್ಕಾಲು ಗಂಟೆಯ ಭಾಷಣವನ್ನಲ್ಲ, ಅವಳ ಒಂದು ಪ್ರಶ್ನೆಯನ್ನು.

ಮುಂದಿನ ತಿಂಗಳುಗಳಲ್ಲಿ ಇದು ಬೆಳೆಯುತ್ತಾ ಹೋಯಿತು. ಜಾಗಕ್ಕಾಗಿ ಇಬ್ಬರು ಜಗಳ ಆಡಿದರೆ ಮೊದಲು ನನಗೆ ಫೋನ್ ಬರುತ್ತಿತ್ತು. ಈಗ ನಾನು ಬಸ್ ಇಳಿಯುವಷ್ಟರಲ್ಲಿ "ಹುಸೇನಬಿ ಬಗಿಹರಿಸ್ಯಾಳ ಬಿಡ್ರಿ" ಅನ್ನುತ್ತಿದ್ದರು. ಚಹಾ ಬಂದರೆ ಮೊದಲ ಲೋಟ ಅವಳ ಕೈಗೆ ಹೋಗುತ್ತಿತ್ತು. ನಾವು ತಹಶೀಲ್ದಾರರಿಗೆ ಮನವಿ ಕೊಟ್ಟ ಫೋಟೋ ಸ್ಥಳೀಯ ಪತ್ರಿಕೆಯೊಂದರಲ್ಲಿ ಬಂದಾಗ ಅವಳು ನಟ್ಟನಡುವೆ ಇದ್ದಳು, ನನ್ನದು ಒಂದು ಭುಜ ಮಾತ್ರ ಅಂಚಿನಲ್ಲಿ ಉಳಿದಿತ್ತು. ಆ ಪತ್ರಿಕೆಯನ್ನು ನಾನು ಮಡಚಿ ಅಟ್ಟಕ್ಕೆ ಎಸೆದೆ. ನನ್ನ ಹೆಂಡತಿ ಪಾರ್ವತಿ ಇದನ್ನೆಲ್ಲ ಗಮನಿಸುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, "ನಾಕು ದಿನದಿಂದ ತಾಟಿನ ಮುಂದ ಕುಂತಾಗೆಲ್ಲ ಆ ಹೆಣ್ಮಗಳ ಮಾತ ಆಡ್ತೀರಿ. ಆಕಿ ಏನ್ ಕಸಗೊಂಡಾಳ ನಿಮ್ದು?" ಎಂದಳು. ನಾನು ಅರ್ಧ ಊಟಕ್ಕೆ ಎದ್ದೆ. ಅವಳು ಕಸಿದುಕೊಂಡದ್ದು ಏನೂ ಇರಲಿಲ್ಲ.

ಸಮೀಕ್ಷೆ ನಡೆದದ್ದು ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಒಂದು ಸಾಧಾರಣ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಣ ಆಡಳಿತದ ಸಿಬ್ಬಂದಿ ಬಸ್ ನಿಲ್ದಾಣದ ರಸ್ತೆಗಿಳಿದು ಹೆಸರು ಬರೆದುಕೊಂಡರು. ನಲವತ್ಮೂರು ಜನ ಸಿಕ್ಕರು. ಸಂಜೆ ಅವರ ಕಚೇರಿಯಲ್ಲಿ, "ಸಮೀಕ್ಷೆ ಪೂರ್ಣಗೊಂಡಿದೆ, ಯಾರೂ ಬಿಟ್ಟುಹೋಗಿಲ್ಲ" ಎಂಬ ಒಕ್ಕಣೆಯ ಕೆಳಗೆ ಸಂಘದ ಪರವಾಗಿ ನಾನು ಸಹಿ ಹಾಕಿದೆ. ಹುಸೇನಬಿಯನ್ನು ಕರೆದು ತೋರಿಸಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಅವಳನ್ನು ಕೇಳಿ ಸಹಿ ಮಾಡುವಷ್ಟು ಕೆಳಗೆ ಇಳಿದಿದ್ದೇನೆಯೇ ಎಂದುಕೊಂಡು ಪೆನ್ನು ತೆಗೆದೆ.

ಇದಾಗಿ ತಿಂಗಳೊಪ್ಪತ್ತಿಗೆ ಅವಳು ಒಂದು ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳ ಮಗಳು ಶಾಲೆಯಲ್ಲಿ ಬಳಸಿ ಬಿಟ್ಟ ಡ್ರಾಯಿಂಗ್ ಪುಸ್ತಕ. ಖಾಲಿ ಹಾಳೆಗಳಲ್ಲಿ ರಸ್ತೆ, ಚರಂಡಿ, ಅಂಚೆ ಕಚೇರಿಯ ಗೋಡೆ, ಹುಣಸೆಮರ ಎಲ್ಲವನ್ನೂ ಗೆರೆ ಎಳೆದು, ಎಲ್ಲಿ ಯಾರು ಕೂರುತ್ತಾರೆಂದು ಬರೆದಿದ್ದಳು.

"ಅಣ್ಣಾರ, ಇದರಾಗ ಇಪ್ಪತ್ತೇಳು ಮಂದಿ ಸರ್ವೇದಾಗ ಇಲ್ಲ. ಹಳ್ಳಿಂದ ಮೊದಲ್ನೇ ಟೆಂಪೋಕ್ಕ ಬರೋರು. ಪುಂಡಿಪಲ್ಯ, ಮೆಂತೆ, ಹೀರಿಕಾಯಿ, ಮೊಸರು ತರ್ತಾರ. ಐದೂವರಿಗೆ ಕುಂತು ಒಂಬತ್ತಕ್ಕ ಎದ್ದು ಹೊಲಕ್ಕ ಹೋಗ್ತಾರ. ಹನ್ನೊಂದಕ್ಕ ಬಂದು ಬರಕೊಂಡ್ರ ಅವರು ಹೆಂಗ ಸಿಗ್ತಾರ? ಯಾರೂ ಬಿಟ್ಟುಹೋಗಿಲ್ಲ ಅಂತ ಸಹಿ ಮಾಡ್ಯಾರಂತ. ಯಾರು ಅಂತ ಕೇಳಿದ್ರ ಆಫೀಸಿನ್ಯಾಗ ಹೇಳವಲ್ರು."

ನಾನು ಪುಸ್ತಕ ತಿರುವುತ್ತಾ ಕೂತೆ. ಕೂಡ್ಲಿಗಿಯಿಂದ ನಾನು ಹಿಡಿಯುವ ಬಸ್ಸು ಆ ಊರು ಮುಟ್ಟುವುದು ಒಂಬತ್ತೂಕಾಲಿಗೆ. ತಿಂಗಳುಗಟ್ಟಲೆ ಆ ರಸ್ತೆಯ ಜನರ ಪರವಾಗಿ ಮಾತಾಡಿದ ನಾನು ಅಲ್ಲಿಯ ಮುಂಜಾನೆಯ ವ್ಯಾಪಾರವನ್ನು ಒಮ್ಮೆಯೂ ಕಂಡಿರಲಿಲ್ಲ. ಈ ಮಾತು ಅವಳಿಗೆ ಹೇಳಬಹುದಿತ್ತು. ಸಹಿ ನನ್ನದೇ ಎಂದೂ ಹೇಳಬಹುದಿತ್ತು. "ಪುಸ್ತಕ ನನ್ನ ಹತ್ತಿರ ಇರಲಿ, ನೋಡ್ತೀನಿ" ಎಂದಷ್ಟೇ ಹೇಳಿದೆ.

ಸ್ವಲ್ಪ ದಿನಕ್ಕೆ ನೋಟಿಸು ಬಂತು. ಚರಂಡಿ ಕಾಮಗಾರಿಗಾಗಿ ಆ ರಸ್ತೆ ಖಾಲಿ ಮಾಡಬೇಕು, ಪಟ್ಟಿಯಲ್ಲಿರುವ ನಲವತ್ಮೂರು ಜನರಿಗೆ ಹಳೆ ಗೋದಾಮಿನ ಪಕ್ಕದ ಮೈದಾನದಲ್ಲಿ ಜಾಗ, ಆಕ್ಷೇಪಣೆ ಇದ್ದವರು ಬುಧವಾರ ಹನ್ನೊಂದಕ್ಕೆ ವಿಚಾರಣೆಗೆ ಬರಬೇಕು. ಸಂಚಾಲಕನೆಂದು ಅದು ನನ್ನ ಮನೆ ವಿಳಾಸಕ್ಕೇ ಬಂದಿತ್ತು. ಬುಧವಾರಕ್ಕೆ ಆರು ದಿನ ಇತ್ತು.

ಆ ಆರು ದಿನವೂ ನಾನು ಹುಸೇನಬಿಗೆ ತಿಳಿಸಲಿಲ್ಲ. ಅವಳು ಬಂದರೆ ನನ್ನ ಸಹಿ ಬಯಲಾಗುತ್ತದೆ ಎಂಬ ಹೆದರಿಕೆ ಇತ್ತು, ನಿಜ. ಆದರೆ ಅದು ಅರ್ಧ ಮಾತ್ರ. ಅವಳು ಅಲ್ಲಿ ಬಾಯಿ ತೆರೆದರೆ ಗೆದ್ದವಳು ಅವಳೇ ಆಗುತ್ತಾಳೆ ಎಂಬುದು ನನಗೆ ಸಹಿಸಲಾಗಲಿಲ್ಲ. ಮನೆಯಲ್ಲಿ ಕೂತು ಅವಳ ಪುಸ್ತಕದಿಂದ ಇಪ್ಪತ್ತೇಳು ಹೆಸರುಗಳನ್ನು ಸಂಘದ ಲೆಟರ್‌ಹೆಡ್ಡಿನ ಮೇಲೆ ನನ್ನ ಕೈಬರಹದಲ್ಲಿ ಇಳಿಸಿದೆ. "ಸಂಚಾಲಕರ ಖುದ್ದು ಪರಿಶೀಲನೆಯಿಂದ ಕಂಡುಬಂದಂತೆ" ಎಂದು ತಲೆಬರಹ ಹಾಕಿದೆ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬಂದೆ.

ಬುಧವಾರ ಮುಖ್ಯಾಧಿಕಾರಿಗಳು, ಅಂದರೆ ಪಟ್ಟಣದ ಆಡಳಿತ ನೋಡುವ ಅಧಿಕಾರಿ, ನನ್ನ ಆಕ್ಷೇಪಣೆಯನ್ನು ಪೂರ್ತಿ ಓದಿದರು. ಹೊಸದಾಗಿ ಬಂದವರು, ಸಾವಧಾನದ ಮನುಷ್ಯ.

"ಒಂಬತ್ತನೇ ಹೆಸರು, ಗಂಗವ್ವ. ಯಾವ ಊರು? ಏನು ಮಾರ್ತಾರೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಹದಿನಾಲ್ಕನೆಯವಳು ಎಲ್ಲಿ ಕೂರುತ್ತಾಳೆ ಎಂದು ಕೇಳಿದರು. ಅಂಚೆ ಕಚೇರಿ ಕಡೆ ಇರಬೇಕು ಎಂದೆ. ಅವರು ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಸರಿಸಿದರು.

"ಯಾರೂ ಬಿಟ್ಟುಹೋಗಿಲ್ಲ ಅಂತ ಇಲ್ಲಿ ಸಹಿ ಮಾಡಿರೋರು ನೀವೇ ಅಲ್ವಾ? ಈಗ ಇಪ್ಪತ್ತೇಳು ಹೆಸರು ತಂದಿದ್ದೀರಿ. ಒಬ್ಬರ ಗುರುತೂ ಹೇಳೋಕೆ ಆಗ್ತಿಲ್ಲ. ನಾನು ಇದನ್ನ ಹೇಗೆ ನಂಬಲಿ? ಮೂರು ಗಂಟೆವರೆಗೆ ಇಲ್ಲೇ ಇರ್ತೀನಿ. ಜನ ಇದ್ದರೆ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ಆದೇಶ ಬರೀತೀನಿ."

ಕಚೇರಿಯಿಂದ ಹುಸೇನಬಿಯ ಜಾಗಕ್ಕೆ ಇನ್ನೂರು ಹೆಜ್ಜೆ ಇರಬಹುದು. ಅಷ್ಟು ದೂರದ ದಾರಿಯನ್ನು ನಾನು ನನ್ನ ಜೀವನದಲ್ಲಿ ನಡೆದಿಲ್ಲ. ಅವಳು ಗಿರಾಕಿಗೆ ಜರಡಿ ತೋರಿಸುತ್ತಿದ್ದಳು. ನಾನು ನಿಂತೇ ಹೇಳಿದೆ, ವಿಚಾರಣೆ ಇವತ್ತೇ, ಮೂರು ಗಂಟೆಯೊಳಗೆ ಆ ಹೆಣ್ಣುಮಕ್ಕಳು ಬರಬೇಕು ಎಂದು.  ಅವಳು ಸಾಮಾನಿನ ಮೇಲೆ ಗೋಣಿಚೀಲ ಮುಚ್ಚಿ, ಪಕ್ಕದ ಬಾಳೆಹಣ್ಣಿನವನಿಗೆ ನೋಡಿಕೊಳ್ಳಲು ಹೇಳಿ, ಫೋನ್ ತೆಗೆದಳು.

ಆಗ ಹನ್ನೆರಡು ಹೊಡೆದಿತ್ತು. ಹೆಂಗಸರೆಲ್ಲ ಹಳ್ಳಿಗೆ ವಾಪಸಾಗಿ ಹೊಲಗಳಲ್ಲಿದ್ದರು. ಯಾರ ಫೋನು ಮಗನ ಹತ್ತಿರ ಇರುತ್ತದೆ, ಯಾರಿಗೆ ಪಕ್ಕದ ಮನೆಯ ಮೂಲಕ ಹೇಳಿಸಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. "ಗಂಗವ್ವಾ, ಕಳೆ ನಾಳೆ ತೆಗದ್ರಾತು. ಈಗ ಎದ್ದು ಬಾ. ನೀ ಬರಲಿಲ್ಲಂದ್ರ ನಾಳೆಯಿಂದ ಕುಂದ್ರಾಕ ಜಾಗ ಇರಂಗಿಲ್ಲ" ಎಂದು ಒಬ್ಬಳಿಗೆ ಕೂಗಿ ಹೇಳಿದಳು. ಎರಡೂವರೆಗೆ ಎರಡು ಆಟೋಗಳಲ್ಲಿ ಹನ್ನೊಂದು ಹೆಂಗಸರು ಬಂದಿಳಿದರು, ಸೆರಗಿಗೆ ಹೊಲದ ಮಣ್ಣು ಹತ್ತಿತ್ತು.

ಮುಖ್ಯಾಧಿಕಾರಿಗಳ ಎದುರು ಹುಸೇನಬಿ ಪುಸ್ತಕವಿಲ್ಲದೆಯೇ ಇಪ್ಪತ್ತೇಳೂ ಹೆಸರು ಹೇಳಿದಳು. ಯಾರ ಎಡಕ್ಕೆ ಯಾರು, ಎಷ್ಟು ವರ್ಷದಿಂದ, ಎಲ್ಲವನ್ನೂ. ಅಧಿಕಾರಿಗಳು ಸಮೀಕ್ಷೆಯ ಹಾಳೆ ತೋರಿಸಿ, ನಿಮ್ಮ ಸಂಚಾಲಕರೇ ಸಹಿ ಮಾಡಿದ್ದಾರಲ್ಲ ಎಂದಾಗ ಅವಳು ನನ್ನ ಕಡೆ ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ ಅವರ ಕಡೆ ತಿರುಗಿ, "ಸಾಹೇಬ್ರ, ಆ ಸಹಿನೂ ಬ್ಯಾಡ, ನನ್ನ ಮಾತೂ ಬ್ಯಾಡ. ನಾಳೆ ಮುಂಜಾನಿ ಐದೂವರಿಗೆ ಒಂದ್ಸಲ ಬರ್ರಿ. ನೀವ ಎಣಸ್ರಿ" ಎಂದಳು.

ಅವರು ಒಪ್ಪಿದರು.

ಹೊರಗೆ ಬಂದ ಮೇಲೆ, ಹೆಂಗಸರನ್ನು ಆಟೋ ಹತ್ತಿಸಿ ಅವಳು ನನ್ನ ಹತ್ತಿರ ಬಂದಳು.

"ಸಹಿ ನಿಮ್ದ?"

"ಹೌದು ತಂಗಿ."

"ತಾರೀಖು ಯಾವಾಗ ಗೊತ್ತಾತು?"

"ಆರು ದಿನ ಆತು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೂ ಹೇಳಲು ಏನಾದರೂ ಸಿಗುತ್ತಿತ್ತು. "ನಾಳೆ ಮುಂಜಾನಿ ನೀವೂ ಇರ್ರಿ. ನಿಮ್ಮ ಬಸ್ಸಿಗೆ ಬಂದ್ರ ಆಗಂಗಿಲ್ಲ. ನಮ್ಮನ್ಯಾಗ ವಸ್ತಿ ಮಾಡ್ರಿ" ಎಂದಳು ಅವಳು.

ಇಮಾಮಸಾಬನ ಮನೆಯ ಪಡಸಾಲೆಯಲ್ಲಿ ಮಲಗಿ, ಐದಕ್ಕೆ ಎದ್ದು ಅವರಿಬ್ಬರ ಜೊತೆ ರಸ್ತೆಗೆ ಹೋದೆ. ಮುಸುಕು ಬೆಳಕಿನಲ್ಲಿ ಟೆಂಪೋಗಳು ಬಂದು ನಿಲ್ಲುತ್ತಿದ್ದವು. ಅಂಚೆ ಕಚೇರಿಯ ಗೋಡೆಯಿಂದ ಹುಣಸೆಮರದ ತನಕ ರಸ್ತೆಯ ಒಂದು ಬದಿ ಪೂರ್ತಿ ಹಸಿರಾಯಿತು. ನೀರು ಚಿಮುಕಿಸಿದ ಸೊಪ್ಪಿನ ವಾಸನೆ, ಮೊಸರಿನ ಗಡಿಗೆಗಳು, ಬೋಣಿಗೆಗೆ ಚೌಕಾಸಿ ಮಾಡುವ ದನಿಗಳು. ನಾನು ಧರಣಿಗಳಲ್ಲಿ "ನಮ್ಮ ಜನ" ಎಂದು ಕೂಗುತ್ತಿದ್ದ ಜನ ಇವರು. ಇವರಲ್ಲಿ ಒಬ್ಬಳಿಗೂ ನನ್ನ ಗುರುತಿರಲಿಲ್ಲ. ಮಾತು ಕೊಟ್ಟಂತೆ ಬಂದ ಮುಖ್ಯಾಧಿಕಾರಿಗಳು ತಾವೇ ಎಣಿಸಿದರು. ಇಪ್ಪತ್ತೊಂಬತ್ತು. ಅವಳ ಲೆಕ್ಕಕ್ಕಿಂತ ಇಬ್ಬರು ಹೆಚ್ಚು.

ಮರುಸಮೀಕ್ಷೆಗೆ ಆದೇಶವಾಯಿತು. ಅದು ಮುಗಿಯಲು ಐದು ತಿಂಗಳು ಹಿಡಿಯಿತು. ಕೊನೆಗೆ ಇಪ್ಪತ್ತಾರು ಹೆಂಗಸರಿಗೆ ಗುರುತಿನ ಚೀಟಿಯೂ ಗೋದಾಮಿನ ಪಕ್ಕದ ಮೈದಾನದಲ್ಲಿ ಜಾಗವೂ ಸಿಕ್ಕಿತು. ಉಳಿದ ಮೂವರು ಅಷ್ಟರಲ್ಲಿ ಬರುವುದನ್ನೇ ಬಿಟ್ಟಿದ್ದರು. ಕೂರುವ ಜಾಗ ಖಾತ್ರಿ ಇಲ್ಲದೆ ದಿನವೂ ಟೆಂಪೋ ಹತ್ತಲು ಅವರಿಗೆ ಧೈರ್ಯ ಸಾಲಲಿಲ್ಲ. ಅವರಲ್ಲಿ ಗಂಗವ್ವನೂ ಒಬ್ಬಳು. ಸಮೀಕ್ಷೆಯ ದಿನ ನಾನು ಪೆನ್ನು ತೆಗೆಯುವ ಮೊದಲು ಹುಸೇನಬಿಯನ್ನು ಒಂದು ಮಾತು ಕೇಳಿದ್ದರೆ ಆ ಮೂವರೂ ಇವತ್ತು ಅಲ್ಲಿ ಕೂತಿರುತ್ತಿದ್ದರು.

ಸಂಘದ ಸಭೆಯಲ್ಲಿ ಸಹಿಯ ವಿಷಯವನ್ನು, ನೋಟಿಸು ಮುಚ್ಚಿಟ್ಟದ್ದನ್ನು ನಾನೇ ಎದ್ದು ನಿಂತು ಹೇಳಿದೆ. ಕೆಲವರು ಕೂಗಾಡಿದರು. ಹುಸೇನಬಿ ನನ್ನ ಪರ ಒಂದು ಮಾತೂ ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ರಾಜೀನಾಮೆ ಕೊಡುತ್ತೇನೆ ಎಂದಾಗ ಮಾತ್ರ, "ಅರ್ಜಿ ಬರೆಯೋರು ಯಾರದಾರ? ಬರೀರಿ. ಬರದು ನಮಗ ಓದಿ ಹೇಳ್ರಿ, ಆಮ್ಯಾಗ ಸಹಿ ಮಾಡ್ರಿ" ಎಂದಳು. ವೆಂಡಿಂಗ್ ಕಮಿಟಿಗೆ ಅವಳು ಆರಿಸಿ ಬಂದಳು, ಆಮೇಲೆ ಸಂಘದ ಅಧ್ಯಕ್ಷೆಯೂ ಆದಳು. ನಿವೃತ್ತಿಯ ತನಕ ಎರಡೂವರೆ ವರ್ಷ ನಾನು ಅವಳ ಕೆಳಗೆ ಕೆಲಸ ಮಾಡಿದೆ.

ಹೊಟ್ಟೆಕಿಚ್ಚು ಅಂದಿಗೇ ಸುಟ್ಟುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ವೇದಿಕೆ ಹತ್ತಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಚುರುಕ್ ಅನ್ನುತ್ತಿತ್ತು, ಈಗಲೂ ಅನ್ನುತ್ತದೆ. ಅದನ್ನು ಕಿತ್ತೆಸೆಯುವ ಉಪಾಯ ನನಗೆ ಸಿಕ್ಕಿಲ್ಲ. ನನ್ನ ಕಸುಬು ಕಲಿಸಿದ್ದು ಇಷ್ಟೇ: ಆ ಉರಿಯ ಕೈಗೆ ಜನರ ಕಾಗದ ಸಿಗಬಾರದು. ಬಂದ ನೋಟಿಸು ಬಂದ ದಿನವೇ ಅದು ಯಾರದ್ದೋ ಅವರಿಗೆ ಮುಟ್ಟಬೇಕು. ಯಾರ ಪರವಾಗಿ ಮಾತಾಡುತ್ತೇವೋ ಅವರು ಕೂರುವ ಹೊತ್ತಿಗೆ ನಾವೂ ಅಲ್ಲಿ ಹೋಗಿ ಕೂತಿರಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವವರು ಸಲಹೆ ಕೇಳಿದಾಗ ಇದನ್ನೇ ಹೇಳುತ್ತೇನೆ. ಇದನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳುತ್ತಾರೆ. ಹುಸೇನಬಿಯ ಹೆಸರು ಹೇಳುವಾಗ ಇವತ್ತಿಗೂ ನನ್ನ ದನಿ ಸ್ವಲ್ಪ ತಗ್ಗುತ್ತದೆ. ತಗ್ಗಿದರೂ ಹೇಳುತ್ತೇನೆ.