ಕಾಲಾಳಿಗೊಂದು ಮಣೆ

ಎರಡು ಬೆರಳೆತ್ತರದ ಮಣ್ಣಿನ ಸೈನಿಕ ಎಂಥ ಮಣೆಯ ಮೇಲೆ ನಿಲ್ಲಬೇಕು ಎಂಬುದಕ್ಕೆ ನಲವತ್ತು ದಾಟಿದ ಇಬ್ಬರು ಗಂಡಸರು ಒಂದು ಬೇಸಿಗೆ ಪೂರ್ತಿ ಕಚ್ಚಾಡಿದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಕಚ್ಚಾಡಿದವರಲ್ಲಿ ಒಬ್ಬ ನಾನು, ಇಳಕಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವನು. ಇನ್ನೊಬ್ಬ ನನ್ನ ಜೊತೆ ಏಳನೆಯ ಇಯತ್ತೆಯವರೆಗೆ ಓದಿ, ಆಮೇಲೆ ಅಪ್ಪನ ಮಗ್ಗದ ಕುಣಿಗೆ ಇಳಿದ ಗೆಳೆಯ.

ಈ ಹುಚ್ಚು ಹಿಡಿಸಿದವನು ನಾನೇ. ಎಪ್ಪತ್ತರ ದಶಕದ ಕೊನೆಗೆ ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ನನಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮೇಜಿನ ಮೇಲೆ ಗೊಂಬೆಗಳ ದಂಡು ಹೂಡಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ ಯುದ್ಧ ಆಡುವ ಕ್ರಮ ಅದರಲ್ಲಿತ್ತು. ಆದರೆ ಮೊದಲ ಹಾಳೆಗಳು ಹರಿದು ಹೋಗಿದ್ದವು. ಗೊಂಬೆಯ ಕಾಲಡಿಯ ಮಣೆ ಎಷ್ಟಗಲ ಇರಬೇಕು, ಒಂದರ ಮೇಲೆ ಎಷ್ಟು ಜನ ನಿಲ್ಲಬೇಕು ಎಂಬುದೆಲ್ಲ ಆ ಹಾಳೆಗಳಲ್ಲೇ ಇದ್ದಿರಬೇಕು. ಉಳಿದ ಕಡೆಯಲ್ಲೆಲ್ಲ ಪುಣ್ಯಾತ್ಮ ‘ಮೊದಲೇ ಹೇಳಿದಂತೆ’ ಎಂದು ಬರೆದು ಕೈತೊಳೆದುಕೊಂಡಿದ್ದ.

ಗೆಳೆಯ ಎರೆಮಣ್ಣಿಗೆ ಮಗ್ಗದ ಗಂಜಿ ಕಲಸಿ ಇನ್ನೂರು ಕಾಲಾಳುಗಳನ್ನು ಮಾಡಿದ. ಕಸಬರಿಗೆ ಕಡ್ಡಿಯ ಈಟಿ, ಸೀರೆಯ ಅಂಚಿನಿಂದ ಉಳಿದ ಕೆಂಪು ಎಳೆಯ ರುಮಾಲು. ನಾನು ಇತಿಹಾಸದ ಮಾಸ್ತರ, ಚಾಲುಕ್ಯರನ್ನು ಬಿಡುವವನಲ್ಲ. “ಬಾದಾಮಿ ಸುಟ್ಟ ಪಾಪ ನನ್ನ ಪಾಲಿಗಿರ್ಲಿ ತಗೋ,” ಎಂದು ಅವನು ಪಲ್ಲವರನ್ನು ಇಟ್ಟುಕೊಂಡ. ಕಲ್ಲು ಪಾಲಿಶ್ ಮಾಡುವಲ್ಲಿ ಬಿಸಾಡಿದ ತೆಳು ಚೂರುಗಳನ್ನು ಆರಿಸಿ ತಂದು, ಒಂದೊಂದನ್ನೂ ಹೆಬ್ಬೆರಳಿನ ಉಗುರಿನಷ್ಟಕ್ಕೆ ತಿಕ್ಕಿ, ಪ್ರತಿಯೊಬ್ಬ ಕಾಲಾಳಿಗೂ ಅವನದೇ ಒಂದು ಗ್ರಾನೈಟ್ ಮಣೆ ಕೊಟ್ಟ. ಊರಿನ ಎಷ್ಟೋ ದೊಡ್ಡಮನುಷ್ಯರ ಮನೆಯ ನೆಲಕ್ಕೂ ಆಗ ಅಂಥ ಹೊಳಪಿರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಅವನ ಮಗ್ಗದ ಪಕ್ಕದಲ್ಲಿ, ಎರಡು ಸ್ಟೂಲಿನ ಮೇಲೆ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ ನಮ್ಮ ಯುದ್ಧ. ನಾಲ್ಕೈದು ವರ್ಷ ಹೀಗೇ ನಡೆಯಿತು. ನಾನು ಬಹುತೇಕ ಸೋಲುತ್ತಿದ್ದೆ.

ಅವನ ಕೈ ನಡುಗುವುದು ನನ್ನ ಗಮನಕ್ಕೆ ಬಂದದ್ದು ಮಗ್ಗದಲ್ಲಿ. ಸೀರೆಯ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದು ಅವನ ಹೆಮ್ಮೆಯ ಕೆಲಸ, ಬೇರೆಯವರನ್ನು ಮುಟ್ಟಗೊಡುತ್ತಿರಲಿಲ್ಲ. ಒಂದು ದಿನ ಹೋದಾಗ ಅವನ ಹೆಂಡತಿ ಕೂತು ಜೋಡಿಸುತ್ತಿದ್ದರು, ಅವನು ಪಕ್ಕದಲ್ಲಿ ಸುಮ್ಮನೆ ಎಲೆಯಡಿಕೆ ಜಗಿಯುತ್ತಿದ್ದ. ಆಮೇಲೆ ಆಟದ ಬಾಗಿಲಿನ ಮೇಲೂ ಕಂಡೆ. ಒಬ್ಬನನ್ನು ಮುಂದಿಡಲು ಹೋದರೆ ಬೆರಳು ತಾಗಿ ಪಕ್ಕದ ಮೂವರು ಬೀಳುತ್ತಿದ್ದರು, ಈಟಿ ಮುರಿಯುತ್ತಿತ್ತು. ಅವನು ಗಾಳಿಯನ್ನು ಬೈದ, ಸ್ಟೂಲನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮುಂದಿನ ಎರಡು ಭಾನುವಾರ ಅವನು “ಕೆಲಸ ಭಾಳ ಐತಿ” ಎಂದು ಹೇಳಿಕಳಿಸಿದ.

ಅವನ ಹೆಂಡತಿ ಸಂತೆಯಲ್ಲಿ ಸಿಕ್ಕರು. “ದವಾಖಾನಿಗೆ ಹೋಗಿ ಬಂದೇವ್ರಿ ಮಾಸ್ತರ, ಗುಳಿಗಿ ಕೊಟ್ಟಾರ. ನಾ ಹೇಳಿದ್ನಿ ಅನ್ನಬ್ಯಾಡ್ರಿ ಮತ್ತ. ವಾರದಾಗ ಒಮ್ಮೆ ಅವರು ನಗೂದಂದ್ರ ಆ ಗೊಂಬಿ ಮುಂದ. ಅದೊಂದು ಬಿಡಿಸಬ್ಯಾಡ್ರಿ.”

ನನಗೆ ಹೆದರಿಕೆಯಾಯಿತು. ಅವನು ಆಟ ಬಿಟ್ಟರೆ ನನಗೂ ಆಟವಿಲ್ಲ; ಇಳಕಲ್ಲಿನಲ್ಲಿ ಹುಡುಕಿದರೂ ಅಂಥ ಇನ್ನೊಬ್ಬ ಹುಚ್ಚ ಸಿಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಲ್ಲದ ಭಾನುವಾರ ನನಗೆ ಬೇಡವಾಗಿತ್ತು. ಉಪಾಯ ಸುಲಭದ್ದೇ. ನಾಲ್ಕು ನಾಲ್ಕು ಜನರನ್ನು ಒಂದೇ ಪ್ಲೈವುಡ್ ಪಟ್ಟಿಗೆ ಅಂಟಿಸಿದರೆ ಎರಡೂ ತುದಿ ಹಿಡಿದು ಸರಿಸಬಹುದು, ಕೈ ನಡುಗಿದರೂ ಯಾರೂ ಬೀಳುವುದಿಲ್ಲ. ಕಷ್ಟವಿದ್ದದ್ದು ಯಾಕೆಂದು ಹೇಳುವುದರಲ್ಲಿ. ಅಷ್ಟು ಸೊಕ್ಕಿನ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು?

ಆದ್ದರಿಂದ ಸುಳ್ಳು ಹೇಳಲು ಕುಳಿತೆ. ಮೊದಲು, ವೇಳೆ ಉಳಿಯುತ್ತದೆ ಎಂದೆ.

“ಉಳಸಿ ಏನ್ ಮಾಡಾಂವ? ಪೇಪರ್ ತಿದ್ದತೀಯೇನು?” ಎಂದ. “ನಾಕ್ ಮಂದೀನ ಒಂದ ಮಣಿಗೆ ಕಟ್ಟಿದ್ರ, ಸತ್ತಾಂವನ್ನ ಬದಕಿದಾಂವ ಹೊತ್ಕೊಂಡು ತಿರಗಬೇಕೇನಲೇ?”

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಾದಾಮಿಗೆ ಬಸ್ಸು ಹತ್ತಿದೆ. ಬಂದು ಗಂಭೀರವಾಗಿ ವರದಿ ಒಪ್ಪಿಸಿದೆ: ಗುಹೆಯ ಕಟ್ಟೆಯ ಕಲ್ಲಿನಲ್ಲಿ ಕುಳ್ಳರ ಸಾಲೊಂದಿದೆ, ಎಲ್ಲರೂ ಒಂದೇ ಪಟ್ಟಿಯ ಮೇಲೆ ನಿಂತಿದ್ದಾರೆ, ಚಾಲುಕ್ಯರ ಕಾಲದ ಪದ್ಧತಿಯೇ ಅದು.

“ಅವು ಶಿವನ ಗಣಂಗಳು, ಮಾಸ್ತರ. ಕುಣ್ಯಾಕತ್ತಾವ. ನಿನ್ನ ದಂಡೂ ಕುಣೀತೈತೇನು?”

ಕೊನೆಗೆ ಮಾಡಬಾರದ್ದನ್ನು ಮಾಡಿದೆ. ಕಾಪಿ ಹೊಡೆದ ಹುಡುಗರಿಗೆ ಬೆತ್ತದ ರುಚಿ ತೋರಿಸುತ್ತಿದ್ದ ನಾನು, ಹರಿದು ಹೋದ ಹಾಳೆಯನ್ನೇ ಸೃಷ್ಟಿಸಿದೆ. ಹುನಗುಂದದ ಪರಿಚಯದವರೊಬ್ಬರ ಹತ್ತಿರ ಇದೇ ಪುಸ್ತಕ ಇಡಿಯಾಗಿ ಇದೆ, ಅದರಿಂದ ನಕಲು ಮಾಡಿಕೊಂಡು ಬಂದೆ ಎಂದು ಹೇಳಿ, ‘ಪ್ರತಿ ಮಣೆಗೆ ನಾಲ್ವರು ಕಾಲಾಳು, ತಪ್ಪತಕ್ಕದ್ದಲ್ಲ’ ಎಂದು ಭಾನುವಾರ ಓದಿದೆ. ಓದುವಾಗ ಒಂದು ಕಡೆ ತೊದಲಿದೆ.

ಅವನು ನನ್ನ ಮುಖ ನೋಡಿದ. ಹಾಳೆ ಕೇಳಲಿಲ್ಲ. ಒಬ್ಬ ಪಲ್ಲವನನ್ನು ಎತ್ತಿಕೊಂಡು ಬೇಕೆಂತಲೇ ಮೆಲ್ಲಗೆ ಸಾಲಿನೊಳಗೆ ಇಡಲು ಹೋದ. ಕೈ ನಡುಗಿತು. ಐದಾರು ಜನ ಬಿದ್ದರು, ಒಬ್ಬ ಉರುಳಿ ಮಗ್ಗದ ಕುಣಿಯೊಳಗೆ ಹೋದ. ಈ ಸಲ ಅವನು ಗಾಳಿಯನ್ನು ಬೈಯಲಿಲ್ಲ.

“ನಡಗೂದು ನನ್ನ ಕೈ,” ಎಂದ. “ನಿನ್ನ ನಾಲಿಗಿ ಯಾಕ ನಡಗಾಕತ್ತೈತಿ?”

ನಾನು ತಲೆ ತಗ್ಗಿಸಿದೆ. ಒಳಗೆ ಪಾತ್ರೆಯ ಸದ್ದು ನಿಂತಿತ್ತು, ಅವನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದರೆಂದು ತೋರುತ್ತದೆ.

“ಪುಸ್ತಕ ಹೇಳಿದ್ರ ನಾ ಪಟ್ಟಿಗೆ ಅಂಟು ಹಚ್ಚಾಂವಲ್ಲ,” ಎಂದ. “ಬಾದಾಮಿ ಕಲ್ಲು ಹೇಳಿದ್ರೂ ಹಚ್ಚಾಂವಲ್ಲ. ಖರೇ ಏನೈತಿ ಅದನ್ನ ನೀ ಬಾಯಿಬಿಟ್ಟು ಹೇಳು, ಹಚ್ತೇನಿ.”

ಇಪ್ಪತ್ತು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವನಿಗೆ ನಾಲ್ಕು ಮಾತು ಹೊರಡಿಸಲು ಅಷ್ಟು ಹೊತ್ತು ಹಿಡಿಯಿತು. “ನಿನ್ನ ಕೈ ನಡಗತೈತಿ. ಅದಕ್ಕ ನೀ ಆಟ ಬಿಡ್ತಿ ಅಂತ ನನಗ ಅಂಜಿಕಿ,” ಎಂದೆ.

“ಹಾಂ,” ಎಂದ. “ನಿನ್ನವೂ ನಾಕ್ ನಾಕ್ ಹಚ್ಚಬೇಕ ನೋಡು. ನನಗೊಬ್ಬಗ ರಿಯಾಯ್ತಿ ಬ್ಯಾಡ.”

ಅವತ್ತು ಆಟ ಆಡಲಿಲ್ಲ. ಅವನ ಹೆಂಡತಿ ಅಂಟಿನ ಬಟ್ಟಲು ತಂದಿಟ್ಟರು. ನಾನು ಕಾಲಾಳುಗಳನ್ನು ಒಬ್ಬೊಬ್ಬರಾಗಿ ಗ್ರಾನೈಟಿನಿಂದ ಬಿಡಿಸಿದೆ, ಜೊತೆಗೆ ತಂದಿದ್ದ ಪ್ಲೈವುಡ್ ಪಟ್ಟಿಯ ಮೇಲೆ ಗೆರೆ ಎಳೆದೆ. ಅಂಟಿಸುವುದಕ್ಕೂ ಕೈ ಹಾಕಲು ಹೋದಾಗ ಅವನು ತಡೆದ.

“ಹಚ್ಚಾಂವ ನಾ. ನೀ ರಟ್ಟಿ ಹಿಡಿ.”

ಅವನ ತೋಳು ಹಿಡಿದೆ. ಅಷ್ಟು ತಿಂಗಳು ಆಟದ ಬಾಗಿಲಿನ ಆಚೆ ಬದಿಯಿಂದ ನೋಡಿಯೂ ನೋಡದಂತೆ ಇದ್ದ ನಡುಕ ಈಗ ನನ್ನ ಅಂಗೈಯೊಳಗೇ ಇತ್ತು. ಅವನು ಬಗ್ಗಿ ಒಬ್ಬ ಕಾಲಾಳನ್ನು ಗೆರೆಯ ಮೇಲೆ ಕೂರಿಸಿದ. ಕಾಲಾಳು ನೆಟ್ಟಗೆ ನಿಂತ.

“ಇನ್ನೊಬ್ಬನ್ನ ಕೊಡು,” ಎಂದ.