ಬದಲಾಗದ ಕಲ್ಲು

ನಮ್ಮ ದರ್ಬೆ ಪೇಟೆಯ ರಸ್ತೆಬದಿಯಲ್ಲಿ ಹಲಸಿನಹಣ್ಣು ಕೊಳ್ಳುವವರು ಬೆಲೆ ಕೇಳುವ ಮೊದಲೇ ಬೆರಳ ಗಂಟಿನಿಂದ ಅದರ ಬೆನ್ನಿಗೆ ಬಡಿದು, ಕಿವಿಗೊಟ್ಟು, ಮಹಾ ಸಂಗೀತಜ್ಞರಂತೆ ತಲೆದೂಗುವುದನ್ನು ನೀವೂ ನೋಡಿರಬಹುದು. ನಾನು ಹೊಟ್ಟೆ ಹೊರೆದದ್ದೂ ಇದೇ ವಿದ್ಯೆಯಿಂದ. ನಾನು ಬಡಿಯುತ್ತಿದ್ದುದು ಭೂದೇವಿಯ ಬೆನ್ನಿಗೆ ಎಂಬುದಷ್ಟೇ ವ್ಯತ್ಯಾಸ. ಕಾರ್ಖಾನೆಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನು ಉತ್ತರದ ಒಂದು ಬರಿದಾದ ತೈಲಕ್ಷೇತ್ರದ ಆಳಕ್ಕೆ ತುಂಬಿದ ಮೇಲೆ, ಅದು ಅಲ್ಲೇ ಇದೆಯೋ ಮೇಲೇರುತ್ತಿದೆಯೋ ಎಂದು ನೆಲ ನಡುಗಿಸಿ ಪ್ರತಿಧ್ವನಿ ಆಲಿಸುವ ಉದ್ಯೋಗ ನನ್ನದು. ಕಡಬದಲ್ಲಿ ರಬ್ಬರ್ ಬೆಳೆಯುವ ಗೆಳೆಯ ಚಾಕೋ, "ಸೋಡಾದ ಗ್ಯಾಸಿಗೆ ಇಷ್ಟು ಕಾವಲಾ ಮಾರಾಯ್ರೆ?" ಎಂದು ನಕ್ಕಿದ್ದ.

ಈ ಕಾವಲಿಗೊಂದು ಸಂಪ್ರದಾಯವಿದೆ. ತುಂಬುವ ಮೊದಲಿನ ಮತ್ತು ತುಂಬಿದ ಮೇಲಿನ ಪ್ರತಿಧ್ವನಿಗಳನ್ನು ಹೋಲಿಸಬೇಕು. ಆದರೆ ಒದ್ದೆ ಮಣ್ಣು, ಯಂತ್ರದ ಮುನಿಸು ಇತ್ಯಾದಿಗಳಿಂದ ಅವು ಹೇಗೂ ತುಸು ಬೇರೆಯಾಗುವುದರಿಂದ, ಎಂದೂ ಬದಲಾಗದ ಒಂದು ಪದರವನ್ನು ಆರಿಸಿ, ಅಲ್ಲಿ ಎರಡೂ ಒಂದೇ ಆಗುವಂತೆ ಮೊದಲು ಸರಿಹೊಂದಿಸಬೇಕು. ಆಮೇಲೆ ಉಳಿದ ವ್ಯತ್ಯಾಸವೇ ಅನಿಲ. ನಮ್ಮವರು ಆರಿಸಿದ್ದು ಅನಿಲದ ನೆತ್ತಿಗೆ ಮುಚ್ಚಳವಾಗಿದ್ದ ಕಲ್ಲನ್ನೇ! ಸೋರುವುದಿದ್ದರೆ ಅದರ ಮೂಲಕವೇ ಸೋರಬೇಕು. ಅಲ್ಲಿ ಎರಡನ್ನೂ ಒಂದೇ ಮಾಡಿಬಿಡುವ ನಮ್ಮ ಲೆಕ್ಕಾಚಾರವೇ ಆ ಸೋರಿಕೆಯನ್ನು ಒರೆಸಿಹಾಕುತ್ತಿತ್ತು. ನಾನು ಬೇರೆ ಪದರ ಹಿಡಿದು ಹೋಲಿಸಿದಾಗ ಮುಚ್ಚಳದೊಳಗೆ ಮಸುಕಾದ ಕಲೆಯೊಂದು ಕಂಡಿತು. ಅದರ ಮೇಲೆ ಹೊಲ, ಮನೆ, ಕುಡಿಯುವ ನೀರಿನ ಬಾವಿ.

ಮೇಲಧಿಕಾರಿ ಸದಾನಂದ ನಮ್ಮ ಕಡೆಯ ಪಂಜ ಎಂಬ ಊರಿನವನು, ಕಾಲೇಜಿನಲ್ಲಿ ನನ್ನ ಬೆಂಚಿನವನು. ರಜೆಗೆ ಊರಿಗೆ ಬಂದವನನ್ನು ಹೋಟೆಲಿನಲ್ಲಿ ಕೂರಿಸಿ ಆ ಕಲೆಯ ಚಿತ್ರ ತೋರಿಸಿದೆ.

"ಆ ಕಲ್ಲು ಬದಲಾಗುದಿಲ್ಲ ಮಾರಾಯ," ಎಂದ, ಬನ್ಸ್ ಮುರಿಯುತ್ತ. "ಬದಲಾಗುದಿಲ್ಲ ಅಂತ ಹೇಳಿಯೇ ಅಲ್ವಾ ನಾವು ಅದರಡಿ ಗ್ಯಾಸ್ ತುಂಬಿದ್ದು?"

"ಇನ್ನೊಮ್ಮೆ ಬಡಿದು ನೋಡುವ. ನನ್ನದು ತಪ್ಪಾದರೆ ತಪ್ಪು."

"ನಿಂಗೆಂತ ಮರ್ಲಾ?" ಎಂದ, ನನ್ನ ತಲೆ ಕೆಟ್ಟಿತೇನೋ ಎಂಬಂತೆ ನೋಡುತ್ತ.

ವರದಿಗೆ ನಾನು ಸಹಿ ಹಾಕಲಿಲ್ಲ. ಕಂಪನಿಯವರು ನನ್ನ ಕರಾರು ಮುಂದುವರಿಸಲಿಲ್ಲ. ಎಲ್ಲವೂ ಸುಭದ್ರ ಎಂಬ ವರದಿ ಬೇರೊಬ್ಬರ ಸಹಿ ಹೊತ್ತು ಹೋಯಿತು. ನನ್ನನ್ನು ಧೀರನೆಂದು ಹೊಗಳಿಬಿಡಬೇಡಿ. ಆ ಕಲೆ ಸೋರಿಕೆಯೇ ಎಂದು ನನಗೂ ಖಚಿತವಿರಲಿಲ್ಲ, ಖಚಿತ ಮಾಡಿಕೊಳ್ಳಲು ಬಿಡಲಿಲ್ಲವಲ್ಲ ಎಂಬುದೇ ಈಗಲೂ ಹೊಟ್ಟೆ ಉರಿಸುವ ಸಂಗತಿ.

ಮೊನ್ನೆ ಸದಾನಂದನೇ ಫೋನ್ ಮಾಡಿದ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ. ಗೆದ್ದವರಿಗೆ ಸಿಟ್ಟು ಬೇಗ ಇಳಿಯುತ್ತದೆ. "ಇನ್ನು ಅಲ್ಲಿ ಬಡಿಯುದೇ ಬೇಡ ಅಂತ ಆಯ್ತು. ಎಂತದೂ ಬದಲಾಗ್ಲಿಲ್ಲ ಅಲ್ವಾ? ನಾನೇ ಹೋಗಿ ಯಂತ್ರ ಎಲ್ಲ ಎತ್ತಿಸಿದೆ. ಅಲ್ಲಿಯ ಮನೆಯವರು ಒಳ್ಳೆ ಜನ ಪಾಪ, ಬಾವಿಯಿಂದ ತಣ್ಣೀರು ಸೇದಿ ಕೊಟ್ಟರು."

"ಕುಡಿದ್ಯಾ?" ಎಂದೆ.

"ಇಲ್ಲ ಮಾರಾಯ. ಕಾರಲ್ಲಿ ಬಾಟ್ಲಿ ಇತ್ತು."