‘ಸ’ ಸಾಲಿನಲ್ಲಿ ಸಿಗದ ಕ್ಯಾಸೆಟ್

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಾಗಿಲು ತೆಗೆಯುವುದು ನನ್ನ ರೂಢಿ. ಸಿಂಧನೂರಿನ ನನ್ನ ಸ್ಟುಡಿಯೋಕ್ಕೆ ಈಗ ಹಾಡಲು ಯಾರೂ ಬರುವುದಿಲ್ಲ. ಆದರೂ ಕಪಾಟು ಒರೆಸಿ, ಕ್ಯಾಸೆಟ್‌ಗಳ ಸಾಲು ನೇರ ಮಾಡಿಯೇ ಕೂಡುತ್ತೇನೆ. ಹೋದ ತಿಂಗಳು ಒರೆಸುತ್ತಿದ್ದಾಗಲೇ ಮಸ್ಕಿಯ ಹೆಣ್ಣುಮಗಳೊಬ್ಬಳು ತಾಯಿಯ ಕೈ ಹಿಡಿದು ಒಳಗೆ ಬಂದಳು.

“ಕಾಕಾರ, ನಮ್ಮವ್ವ ಇಲ್ಲೇ ಸೋಬಾನ ಪದ ಹಾಡಿದ್ಳಂತ್ರಿ. ಮನ್ಯಾಗಿನ ಕ್ಯಾಸೆಟ್ ಸುತಗೊಂಡು ಹರದು ಹೋತು. ನಿಮ್ಮಲ್ಲಿ ಮೂಲದ್ದು ಇರತೈತಲ್ರಿ?”

“ಇರತೈತಿ. ಮೂಲದ್ದು ನಾ ಯಾರಿಗೂ ಕೊಡಂಗಿಲ್ಲ.”

“ಗಂಟಲ ಆಪರೇಶನ್ ಆದ ಮ್ಯಾಲೆ ಅವ್ವಗ ಧ್ವನಿನ ಇಲ್ರಿ. ನನ್ನ ಮಗಳು ಅಜ್ಜಿ ದನಿ ಒಮ್ಮಿನೂ ಕೇಳಿಲ್ಲ.”

ಮನೆಯ ಯಜಮಾನರ ಹೆಸರು ಕೇಳಿದೆ. ತಂದೆಯ ಹೆಸರು ಹೇಳಿದಳು. ‘ಸ’ದಿಂದ ಶುರುವಾಗುವ ಹೆಸರು. ನಾನು ‘ಸ’ ಸಾಲಿಗೆ ಕೈ ಹಾಕಿದೆ.

ನಾವು ಹಾಡುಗಾರರನ್ನು ಹುಡುಕಿಕೊಂಡು ಹೋದವರಲ್ಲ. ಬಂದವರ ಹಾಡು ಹಿಡಿದು, ಬೇಕಾದಷ್ಟು ಕ್ಯಾಸೆಟ್ ಮಾಡಿ, ಲಿಂಗಸುಗೂರಿನಲ್ಲಿ ಅಚ್ಚು ಹಾಕಿಸಿದ ನಮ್ಮ ಹಣತೆ ಗುರುತಿನ ಚೀಟಿ ಅಂಟಿಸಿ ಕೊಡುತ್ತಿದ್ದೆವು. ದನಿ ಮಾರ್ದನಿಸದಂತೆ ಗೋಡೆಗೆ ಕೌದಿ ಹೊಡೆದ ಒಂದೇ ಕೋಣೆ. ವಳಕಮದಿನ್ನಿಯ ಭಜನೆಯವರಿಗೂ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕೀರ್ತನೆಯವರಿಗೂ ಒಂದೇ ನಿಯಮ: ಹೇಳಿದ ಹೊತ್ತಿಗೆ ಬರಬೇಕು, ಹೇಳಿದ ಹೊತ್ತಿಗೆ ಏಳಬೇಕು. ಮೂಲ ಕ್ಯಾಸೆಟ್ಟನ್ನು ಮನೆಯ ಯಜಮಾನನ ಹೆಸರಿನಲ್ಲಿ ಅಕ್ಷರದ ಪ್ರಕಾರ ಇಡುತ್ತಿದ್ದೆ. ಅದರ ಮೇಲೆ ಮತ್ತೊಂದು ಹಾಡು ಕೂಡದಂತೆ ಅಂಚಿನ ಪ್ಲಾಸ್ಟಿಕ್ ಚೂರನ್ನು ಅಂದೇ ಮುರಿಯುತ್ತಿದ್ದೆ.

‘ಸ’ ಸಾಲಿನಲ್ಲಿ ಅದು ಇರಲಿಲ್ಲ. ಎರಡನೆಯ ಸಲ ಒಂದೊಂದಾಗಿ ತೆಗೆದು ನೋಡಿದೆ. ಇರಲಿಲ್ಲ. ಒಂದು ವರ್ಷ ಹೊಸ ಕ್ಯಾಸೆಟ್ ಸಿಗದಾದಾಗ ನಾನೇ ನಿಯಮ ಮುರಿದಿದ್ದೆ. ಯಾರೂ ಕೇಳಿಕೊಂಡು ಬಾರದ ಕೆಲವು ಮೂಲಗಳಲ್ಲಿ ಆ ಚೂರು ಮುರಿದ ತೂತಿಗೆ ಅಂಟುಪಟ್ಟಿ ಹಚ್ಚಿ, ಹಳೆಯ ಹಾಡಿನ ಮೇಲೆಯೇ ಕೀರ್ತನೆ ತುಂಬಿದ್ದೆ. ಯಾವುವು ಎಂದು ಬರೆದಿಟ್ಟಿರಲಿಲ್ಲ. ಈ ತಾಯಿಯ ದನಿಯನ್ನು ನಾನೇ ಅಳಿಸಿದ್ದರೆ?

“ಸಿಕ್ತೇನ್ರಿ?”

“ತಡಿಯವ್ವ, ಹುಡುಕಾಕತ್ತೀನಿ.”

ಮೂರನೆಯ ಸಲಕ್ಕೆ ಕೈ ಹೋದಾಗ ಆ ತಾಯಿ ಎದ್ದು ಬಂದು ನನ್ನ ತೋಳು ತಟ್ಟಿದರು. ಹೆಬ್ಬೆರಳು, ತೋರುಬೆರಳು ಬಾಗಿಸಿ ನೆತ್ತಿಯ ಮೇಲಿಟ್ಟುಕೊಂಡರು. ಮಗಳಿಗೆ ತಿಳಿಯಲಿಲ್ಲ. “ತಲಿ ನೋಯಾಕತ್ತೈತೇನವ್ವ?” ಎಂದಳು. ನನಗೆ ತಿಳಿಯಿತು. ತಲೆಯ ಮೇಲೆ ಚಂದ್ರನಿರುವ ದೇವರು! ಅವನಿಗೆ ‘ಸ’ದಲ್ಲೂ ಹೆಸರುಂಟು, ‘ಶ’ದಲ್ಲೂ ಉಂಟು, ‘ಚ’ದಲ್ಲೂ ಉಂಟು. ನಮ್ಮಣ್ಣನ ಹೆಸರು ‘ಚ’ದ್ದು; ಅಂದು ನನಗೆ ಮೊದಲು ಹೊಳೆದಿರುವುದು ಅದೇ.

‘ಚ’ ಸಾಲಿನ ಕೊನೆಯಲ್ಲಿ, ಮಸ್ಕಿ ಎಂದು ನನ್ನದೇ ಅಕ್ಷರದಲ್ಲಿ ಬರೆದ ಕ್ಯಾಸೆಟ್ ಇತ್ತು. ತೆಗೆದವನೇ ಮೊದಲು ಅಂಚು ನೋಡಿದೆ. ಚೂರು ಮುರಿದ ತೂತು ಹಾಗೆಯೇ ಇತ್ತು. ಅಂಟುಪಟ್ಟಿ ಇರಲಿಲ್ಲ. ಆದರೂ ಇಷ್ಟು ವರ್ಷದ ಟೇಪು. ಸಡಿಲವಾಗಿದ್ದ ಸುರುಳಿಯನ್ನು ಪೆನ್ಸಿಲ್‌ನಿಂದ ಬಿಗಿ ಮಾಡಿ ಯಂತ್ರಕ್ಕೆ ಹಾಕಿದೆ.

ಸ್ವಲ್ಪ ಹೊತ್ತು ಬರೀ ಸರಸರ ಸದ್ದು. ಆಮೇಲೆ ನನ್ನದೇ ಹರೆಯದ, ಗಡಸು ದನಿ.

“ಯಜಮಾನ್ರ ಹೆಸರು ಹೇಳ್ರಿ, ಬರಕೋಬೇಕು.”

“ಅಯ್ಯ, ಗಂಡನ ಹೆಸರು ಬಾಯಿಲೆ ಹೆಂಗ ಹೇಳಲ್ರಿ? ತಲಿ ಮ್ಯಾಲ ಚಂದ್ರ ಇಟಗೊಂಡಾನಲ್ರಿ, ಆ ದೇವ್ರ ಹೆಸರು.”

“ನೀವರ ಹೇಳ್ರಿ.”

“ನನ್ನ ಕೇಳಬ್ಯಾಡ್ರಿ, ನಂಗ ಭಾವ ಆಗಬೇಕು!” ಇದು ಜೊತೆಗೆ ಬಂದಿದ್ದ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ.

“ಆತಾತು, ತಿಳೀತು. ಹೊರಗ ಕ್ಯಾಂಪಿನವ್ರು ಕಾಯಾಕತ್ತಾರ. ಶುರು ಮಾಡ್ರಿ.”

“ಏನ್ ತಿಳೀತೋ ಇವ್ರಿಗೆ!” ಎಂದು ಟೇಪಿನಲ್ಲಿ ಆ ತಾಯಿ ನಕ್ಕರು. ನಗು ಕೌದಿ ಹೊಡೆದ ಕೋಣೆಯಲ್ಲಿ ಸ್ವಚ್ಛವಾಗಿ ಕೂತಿತ್ತು. ಜನರಿಗೆ ಕೊಟ್ಟ ಕ್ಯಾಸೆಟ್‌ಗಳಲ್ಲಿ ಇಂಥ ಮಾತು ಇರುತ್ತಿರಲಿಲ್ಲ. ಹಾಡಿಗೆ ಮೊದಲಿನದೆಲ್ಲ ನಾನು ಬಿಟ್ಟುಬಿಡುತ್ತಿದ್ದೆ.

ಬೆಂಚಿನ ಮೇಲೆ ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಕುಲುಕುತ್ತಿತ್ತು, ಸದ್ದಿರಲಿಲ್ಲ. ಹಾಡಿನ ಮೊದಲ ಸಾಲು ಏಳುತ್ತಿದ್ದಂತೆ ಟೇಪು ಕಿರ್ ಎಂದಿತು. ಥಟ್ಟನೆ ನಿಲ್ಲಿಸಿದೆ.

“ಇನ್ನ ಕೇಳೂದು ಬ್ಯಾಡ. ಮೊದಲು ಕಂಪ್ಯೂಟರಿಗೆ ಇಳಿಸ್ತೀನಿ. ಹರದರ ಮತ್ತ ಇಲ್ಲ.”

“ಕಾಕಾರ, ಹಾಡಿಗಿಂತ ಮೊದಲಿನ ಆ ಮಾತು ತಗೀಬ್ಯಾಡ್ರಿ ಮತ್ತ” ಎಂದಳು ಮಗಳು.

“ಇಲ್ಲವ್ವ” ಎಂದು ಕಂಪ್ಯೂಟರಿಗೆ ತಂತಿ ಜೋಡಿಸಿ, ಟೇಪು ಹಿಂದಕ್ಕೆ ಸುತ್ತಿ, ಮೊದಲಿನಿಂದ ಹಚ್ಚಿದೆ.